ಶಿಕಾಗೊ ಬೀದಿಯ ರೇಸು, ವೆಂಡೆಲ್ ಸ್ಕಾಟ್‌ಗೆ ಕೊಡದ ಕಪ್ಪು

ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

2023ರ ಜುಲೈ 2, ಭಾನುವಾರ. ಅಮೆರಿಕದ ಶಿಕಾಗೊ ನಗರದ ನಟ್ಟನಡುವೆ ಗ್ರಾಂಟ್ ಪಾರ್ಕ್ ಅನ್ನೋ ದೊಡ್ಡ ಉದ್ಯಾನ ಇದೆ. ಅದರ ಸುತ್ತಮುತ್ತಲ ರಸ್ತೆಗಳಿಗೆ ಸಿಮೆಂಟ್ ಗೋಡೆ, ಮೇಲೆ ತಂತಿಬೇಲಿ ಹಾಕಿ ಬಂದ್ ಮಾಡಿದ್ರು. ದಿನಾ ಬಸ್ಸು, ಟ್ಯಾಕ್ಸಿ, ಸೈಕಲ್ ಓಡಾಡೋ ಆ ಡಾಂಬರು ರಸ್ತೆ ಮೇಲೆ ಅವತ್ತು ನ್ಯಾಸ್ಕಾರ್‌ನವರ ಕಾರ್ ರೇಸು ನಡೀತು. ಒಂದು ಸುತ್ತು 2.2 ಮೈಲಿ, ಹನ್ನೆರಡು ತಿರುವು. ನೂರು ಸುತ್ತು ಅಂತ ಲೆಕ್ಕ, ಒಟ್ಟು 220 ಮೈಲಿ. ಅದಕ್ಕೇ ರೇಸಿನ ಹೆಸರು ಗ್ರಾಂಟ್ ಪಾರ್ಕ್ 220.

ರೇಸಿನ ವಿಷಯ ನಿಮಗ್ಯಾಕೆ ಸ್ವಾಮಿ ಅಂತ ನಮ್ಮವರೇ ಕೇಳ್ತಾರೆ. ಕೇಳ್ಲಿ. ನಾನು ಬರೀತಿರೋದು ರಸ್ತೆ ಬಗ್ಗೆ. ರಸ್ತೆ ಯಾರದ್ದು, ಅದರ ಮೇಲೆ ಯಾರು ಓಡಿಸಬಹುದು, ಗೆದ್ದರೆ ಕಪ್ಪು ಯಾರ ಕೈಗೆ ಕೊಡ್ತಾರೆ ಅನ್ನೋದರ ಬಗ್ಗೆ. ಇದು ನಮಗೆ ಗೊತ್ತಿರೋ ವಿಷಯವೇ.

ಮೊದಲು ಈ ಆಟದ ಹಿನ್ನೆಲೆ ಒಂದಿಷ್ಟು. ಸ್ಟಾಕ್ ಕಾರ್ ಅಂದ್ರೆ ಅಂಗಡಿಯಲ್ಲಿ ಜನ ಕೊಳ್ಳೋ ಮಾಮೂಲಿ ಕಾರು. ಫಾರ್ಮುಲಾ ಒನ್ ತರ ರೇಸಿಗಂತಲೇ ಹುಟ್ಟಿದ ತೆರೆದ ಬಂಡಿ ಅಲ್ಲ. ಈಗ ಅದರೊಳಗೆ ಮಾಮೂಲಿಯದ್ದು ಏನೂ ಉಳಿದಿಲ್ಲ, ಹೆಸರು ಮಾತ್ರ ಉಳಿದಿದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಳ್ಳಭಟ್ಟಿ ಸಾಗಿಸ್ತಿದ್ದ ಹುಡುಗರು ಪೊಲೀಸರಿಂದ ತಪ್ಪಿಸಿಕೊಳ್ಳೋಕೆ ಕಾರಿನ ಎಂಜಿನ್, ಸ್ಪ್ರಿಂಗು ಬದಲಾಯಿಸಿ ಓಡಿಸ್ತಿದ್ರು. ಈ ರೇಸಿನ ಒಂದು ಬೇರು ಅಲ್ಲಿದೆ. 1949ರಲ್ಲಿ ಷಾರ್ಲೆಟ್‌ನಲ್ಲಿ ನಡೆದ ಇವರ ಮೊದಲ ಸ್ಟಾಕ್ ಕಾರ್ ರೇಸಲ್ಲಿ ಮೊದಲು ಬಂದ ಗ್ಲೆನ್ ಡನವೇ ಅನ್ನೋನನ್ನ ಅನರ್ಹ ಮಾಡಿದ್ರು. ಕಾರಣ, ಅವನ ಕಾರಿನ ಹಿಂದಿನ ಸ್ಪ್ರಿಂಗು ಸಾರಾಯಿ ಹೊರೋಕೆ ಮಾಡಿದ್ದಾಗಿತ್ತು!

ಇವರ ರೇಸುಗಳು ಬಹುಪಾಲು ಮೊಟ್ಟೆ ಆಕಾರದ ಟ್ರ್ಯಾಕಲ್ಲಿ ನಡೀತವೆ. ಎಡಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ. ರೋಡ್ ಕೋರ್ಸ್ ಅಂದ್ರೆ ಬೇರೆ. ಅಲ್ಲಿ ಬಲಕ್ಕೂ ತಿರುಗಬೇಕು, ಬ್ರೇಕ್ ಹಿಡೀಬೇಕು, ಗೇರ್ ಇಳಿಸಬೇಕು, ಏರಬೇಕು. ಊರಿನ ರಸ್ತೆಯಲ್ಲಿ ಓಡಿಸಿದ ಹಾಗೆ. 1954ರ ಜೂನ್‌ನಲ್ಲಿ ನ್ಯೂಜೆರ್ಸಿಯ ಲಿಂಡನ್ ವಿಮಾನ ನಿಲ್ದಾಣದ ರನ್‌ವೇ ಮೇಲೆ ನ್ಯಾಸ್ಕಾರ್ ಮೊದಲ ಸಲ ಇಂಥ ರೇಸು ಮಾಡಿತು. ಆಮೇಲೆ ವಾಟ್ಕಿನ್ಸ್ ಗ್ಲೆನ್, ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಬಂದವು. ಆದರೆ ಇವೆಲ್ಲ ಊರಾಚೆ ಬೇಲಿಯೊಳಗಿನ ಟ್ರ್ಯಾಕುಗಳು. ಮಹಾನಗರದ ಎದೆ ಮೇಲಿನ ಬೀದಿಯಲ್ಲಿ ಮುಖ್ಯ ಸರಣಿಯ ರೇಸು ಅಂತ ಮಾಡಿದ್ದು 75 ವರ್ಷದಲ್ಲಿ ಶಿಕಾಗೊದಲ್ಲೇ ಮೊದಲು.

ಈಗ ಆ ಸುತ್ತಿನಲ್ಲಿ ನನ್ನ ಜೊತೆ ಒಂದು ರೌಂಡ್ ಬನ್ನಿ.

ಕೊಲಂಬಸ್ ಡ್ರೈವ್‌ನಲ್ಲಿ ಹೊರಟು ದಕ್ಷಿಣಕ್ಕೆ ಹೋಗಿ, ಬಾಲ್ಬೊ ಡ್ರೈವ್‌ಗೆ ಎಡಕ್ಕೆ ತಿರುಗಿದ್ರೆ ಎದುರಿಗೆ ಸಮುದ್ರದಂಥ ಮಿಶಿಗನ್ ಸರೋವರ. ಅಲ್ಲಿಂದ ಬಲಕ್ಕೆ ತಿರುಗಿ ಸರೋವರದ ದಂಡೆಯ ರಸ್ತೆ. ಅದರ ಹೆಸರು 2021ರ ತನಕ ಲೇಕ್ ಶೋರ್ ಡ್ರೈವ್ ಅಂತಷ್ಟೇ ಇತ್ತು. ಈಗ ಜಾನ್ ಬ್ಯಾಪ್ಟಿಸ್ಟ್ ಪಾಯಿಂಟ್ ದು ಸಾಬ್ಲ್ ಲೇಕ್ ಶೋರ್ ಡ್ರೈವ್. ಯಾರು ಈ ದು ಸಾಬ್ಲ್? 1780ರ ದಶಕದ ಹೊತ್ತಿಗೆ ಶಿಕಾಗೊ ನದಿಯ ಬಾಯಲ್ಲಿ ಮನೆ, ತೋಟ, ವ್ಯಾಪಾರ ಮಾಡ್ಕೊಂಡಿದ್ದ ಕಪ್ಪು ಮನುಷ್ಯ. ಹೆಂಡತಿ ಕಿಟಿಹಾವಾ, ಆ ನೆಲದ ಪೊಟವಾಟಮಿ ಬುಡಕಟ್ಟಿನವಳು. ಹೊರಗಿನಿಂದ ಬಂದು ಅಲ್ಲಿ ಕಾಯಂ ನೆಲೆ ನಿಂತ ಮೊದಲಿಗ ಇವನೇ. ಆದರೆ ಬಹಳ ಕಾಲ ಪಠ್ಯಪುಸ್ತಕದಲ್ಲಿ ‘ಶಿಕಾಗೊದ ಪಿತಾಮಹ’ ಅಂತ ಕರೆಸಿಕೊಂಡವನು ಆಮೇಲೆ ಬಂದ ಜಾನ್ ಕಿಂಜಿ ಅನ್ನೋ ಬಿಳಿಯ ವ್ಯಾಪಾರಿ. ಊರು ಕಟ್ಟಿದವನೊಬ್ಬ, ಊರಿನ ಗೌಡ ಅನ್ನಿಸಿಕೊಂಡವನು ಇನ್ನೊಬ್ಬ. ಎಲ್ಲೋ ಕೇಳಿದ ಹಾಗಿದೆಯಲ್ಲ?

ಇದೇ ದಂಡೆಯಲ್ಲಿ ಇನ್ನೂ ದಕ್ಷಿಣಕ್ಕೆ ಕೆಲವು ಕಿಲೋಮೀಟರ್ ಹೋದ್ರೆ 29ನೇ ಬೀದಿಯ ತೀರ. 1919ರ ಜುಲೈ 27ರಂದು ಯೂಜೀನ್ ವಿಲಿಯಮ್ಸ್ ಅನ್ನೋ 17 ವರ್ಷದ ಕಪ್ಪು ಹುಡುಗ ಅಲ್ಲಿ ನೀರಲ್ಲಿ ತೇಲ್ತಾ ಆಡ್ತಿದ್ದ. ನೀರಿನ ಮೇಲೆ ಕಣ್ಣಿಗೆ ಕಾಣದ ಒಂದು ಗೆರೆ ಇತ್ತು. ಈಚೆ ಕಪ್ಪು ಜನ, ಆಚೆ ಬಿಳಿಯರು. ಹುಡುಗ ಗೆರೆ ದಾಟಿ ತೇಲಿದ. ದಂಡೆಯಿಂದ ಒಬ್ಬ ಬಿಳಿಯ ಕಲ್ಲು ಬೀರಿದ. ಹುಡುಗ ಮುಳುಗಿ ಸತ್ತ. ಪೊಲೀಸ್ ಆ ಬಿಳಿಯನನ್ನ ಹಿಡೀಲಿಲ್ಲ. ದಿನಗಟ್ಟಲೆ ನಡೆದ ಗಲಭೆಯಲ್ಲಿ 38 ಜನ ಸತ್ತರು, ಅದರಲ್ಲಿ 23 ಜನ ಕಪ್ಪು ಜನ. ಇದಾಗಿ ಎಂಟು ವರ್ಷಕ್ಕೆ, 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ರು. ನೀರಿನ ಮೇಲೆ ಗೆರೆ ಎಳೆಯೋ ವಿದ್ಯೆ ಒಂದೇ ದೇಶದ್ದಲ್ಲ.

ಇರ್ಲಿ, ಸುತ್ತಿಗೆ ವಾಪಸ್ ಬರೋಣ. ರೂಸ್‌ವೆಲ್ಟ್ ರೋಡ್, ಮತ್ತೆ ಕೊಲಂಬಸ್ ಡ್ರೈವ್, ಮತ್ತೆ ಬಾಲ್ಬೊ, ಅಲ್ಲಿಂದ ಬಲಕ್ಕೆ ಮಿಶಿಗನ್ ಅವೆನ್ಯೂ. ಬಾಲ್ಬೊ ಮತ್ತು ಮಿಶಿಗನ್ ಕೂಡುವ ಈ ಮೂಲೆಯಲ್ಲಿ 1968ರ ಆಗಸ್ಟ್ 28ರ ರಾತ್ರಿ, ವಿಯೆಟ್ನಾಂ ಯುದ್ಧ ಬೇಡ ಅಂತ ಬಂದ ಹುಡುಗರನ್ನ ಶಿಕಾಗೊ ಪೊಲೀಸರು ಟೀವಿ ಕ್ಯಾಮೆರಾ ಮುಂದೇನೇ ಬಡಿದ್ರು. ಆ ಗಲಾಟೆ ಸಂಬಂಧದ ಕೇಸಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿಯ ಬಾಬಿ ಸೀಲ್ ಅವರನ್ನೂ ಸೇರಿಸಿದ್ರು. ನನ್ನ ವಕೀಲ ಇಲ್ಲ, ನನ್ನ ಪರ ನಾನೇ ಮಾತಾಡ್ತೀನಿ ಅಂದದ್ದಕ್ಕೆ ನ್ಯಾಯಾಧೀಶ ಅವರನ್ನ ಕುರ್ಚಿಗೆ ಕಟ್ಟಿಸಿ, ಬಾಯಿಗೆ ಬಟ್ಟೆ ತುರುಕಿಸಿ ಕೂರಿಸಿದ. ಕೋರ್ಟಿನೊಳಗೇ, 1969ರಲ್ಲಿ. ಆ ಪ್ಯಾಂಥರ್ ಹೆಸರನ್ನೇ 1972ರಲ್ಲಿ ಮುಂಬೈಯಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್ ಮುಂತಾದ ನಮ್ಮ ಹುಡುಗರು ಎತ್ತಿಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದ್ದು. ಅದಕ್ಕೂ ಮುಂಚೆ 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡಬ್ಲ್ಯು.ಇ.ಬಿ. ದು ಬಾಯ್ಸ್ ಅವರಿಗೆ ಕಾಗದ ಬರೆದಿದ್ರು. ವಿಶ್ವಸಂಸ್ಥೆಗೆ ಕಪ್ಪು ಜನ ಕೊಡ್ತಿರೋ ಅರ್ಜಿಯ ಪ್ರತಿ ಸಿಗುತ್ತಾ ಅಂತ ಕೇಳಿದ್ರು. ದು ಬಾಯ್ಸ್ ಉತ್ತರವನ್ನೂ ಬರೆದ್ರು. ಹಾಗಾಗಿ ಅಲ್ಲಿಯ ರಸ್ತೆ ಬಗ್ಗೆ ಬರೆಯೋಕೆ ನನಗೆ ಯಾರ ಪರ್ಮಿಷನ್ನೂ ಬೇಕಾಗಿಲ್ಲ.

ಬಾಲ್ಬೊ ಯಾರು ಗೊತ್ತಾ? ಇಟಾಲೊ ಬಾಲ್ಬೊ, ಮುಸೊಲಿನಿಯ ವಾಯುಪಡೆ ಮಂತ್ರಿ, ಪಕ್ಕಾ ಫ್ಯಾಸಿಸ್ಟ್. 1933ರಲ್ಲಿ ಶಿಕಾಗೊದ ವಿಶ್ವಮೇಳಕ್ಕೆ ವಿಮಾನಗಳ ದಂಡು ತಗೊಂಡು ಹಾರಿ ಬಂದ ಅಂತ ಖುಷಿಯಾಗಿ ಒಂದು ಬೀದಿಯನ್ನೇ ಅವನ ಹೆಸರಿಗೆ ಬರೆದುಕೊಟ್ರು. 2018ರಲ್ಲಿ ಆ ಹೆಸರು ತೆಗೆದು ಐಡಾ ಬಿ. ವೆಲ್ಸ್ ಹೆಸರಿಡೋಣ ಅಂತ ಒಂದು ಪ್ರಯತ್ನ ಆಯ್ತು. ಇಟಾಲಿಯನ್ ಮೂಲದವರು ವಿರೋಧ ಮಾಡಿದ್ರು. ಕೊನೆಗೆ ಬಾಲ್ಬೊ ಬೋರ್ಡು ಅಲ್ಲೇ ಉಳೀತು, ಐಡಾ ಹೆಸರನ್ನ ಹತ್ತಿರದ ಕಾಂಗ್ರೆಸ್ ಪಾರ್ಕ್‌ವೇಗೆ ಇಟ್ರು. ಆ ರಸ್ತೆ ಇದೇ ಮಿಶಿಗನ್ ಅವೆನ್ಯೂಗೆ ಬಂದು ಸೇರುತ್ತೆ. ನಗರದ ಕೇಂದ್ರ ಭಾಗದಲ್ಲಿ ಕಪ್ಪು ಹೆಣ್ಣುಮಗಳ ಹೆಸರಿನ ಮೊದಲ ರಸ್ತೆ ಅದು. ಫ್ಯಾಸಿಸ್ಟನ ಹೆಸರು ಮುಟ್ಟಬೇಡಿ, ನಿಮ್ಮಕ್ಕನ ಹೆಸರಿಗೆ ಬೇರೆ ಜಾಗ ಕೊಡ್ತೀವಿ! ನಮ್ಮಲ್ಲಿ ಸರ್ಕಲ್‌ಗೆ ಅಂಬೇಡ್ಕರ್ ಹೆಸರಿಡಿ ಅಂದಾಗ ಊರಾಚೆ ಕಾಲೋನಿ ಕ್ರಾಸ್ ತೋರಿಸ್ತಾರಲ್ಲ, ಅದು ನೆನಪಾಗಿ ನಗು ಬಂತು.

ಐಡಾ ಬಗ್ಗೆ ಒಂದು ಮಾತು ಹೇಳ್ಲೇಬೇಕು. 1862ರಲ್ಲಿ ಗುಲಾಮಳಾಗಿ ಹುಟ್ಟಿದವರು. ಇಪ್ಪತ್ತರ ಹರೆಯದಲ್ಲಿ ಶಾಲೆ ಟೀಚರ್ ಆಗಿದ್ದಾಗ ಮಹಿಳೆಯರ ಬೋಗಿಗೆ ಟಿಕೆಟ್ ತಗೊಂಡು ಕೂತಿದ್ದವರನ್ನ ರೈಲಿನ ಕಂಡಕ್ಟರ್ ಎಳೆದು ಹೊರಹಾಕಿದ. ಅವನ ಕೈಯನ್ನ ಕಚ್ಚಿದ್ರಂತೆ, ಭೇಷ್! ರೈಲ್ವೆ ಕಂಪನಿ ಮೇಲೆ ಕೇಸ್ ಹಾಕಿ 500 ಡಾಲರ್ ಪರಿಹಾರ ಗೆದ್ರು. 1887ರಲ್ಲಿ ಟೆನೆಸಿ ರಾಜ್ಯದ ಮೇಲಿನ ಕೋರ್ಟ್ ಅದನ್ನ ರದ್ದು ಮಾಡಿತು. ಆಮೇಲೆ ಪತ್ರಕರ್ತೆಯಾಗಿ, ಕಪ್ಪು ಜನರನ್ನ ಮರಕ್ಕೆ ನೇತುಹಾಕಿ ಕೊಲ್ಲೋದರ ಒಂದೊಂದು ಪ್ರಕರಣವನ್ನೂ ದಾಖಲೆ ಮಾಡಿದ್ರು. ನಮ್ಮಲ್ಲಿ ಕಂಬಾಲಪಲ್ಲಿ, ಖೈರ್ಲಾಂಜಿ ಆದಾಗ ಸತ್ಯಶೋಧನಾ ವರದಿ ಅಂತ ಬರೀತೀವಲ್ಲ, ಆ ಕೆಲಸವನ್ನ 1890ರ ದಶಕದಲ್ಲೇ ಮಾಡಿದ ಹೆಂಗಸು.

ಬಾಬಾಸಾಹೇಬರ ಬಾಲ್ಯವೂ ಇದೇ ತರದ ಪ್ರಯಾಣದ ಕತೆ. ಮಸೂರ್ ಸ್ಟೇಷನ್ನಲ್ಲಿ ಇಳಿದ ಮಹಾರ್ ಮಕ್ಕಳನ್ನ ಗಾಡಿಯವನು ಹತ್ತಿಸ್ಕೊಳ್ಳಲಿಲ್ಲ. ಎರಡರಷ್ಟು ಬಾಡಿಗೆ ಕೊಡ್ತೀವಿ, ಗಾಡಿ ನಾವೇ ಹೊಡ್ಕೊಳ್ತೀವಿ ಅಂದ ಮೇಲೆ ಒಪ್ಪಿದ. ಅವನು ಪಕ್ಕದಲ್ಲಿ ನಡೆದು ಬಂದ. 1929ರಲ್ಲಿ, ವಿದೇಶದಲ್ಲಿ ಓದಿ ಬ್ಯಾರಿಸ್ಟರ್ ಆಗಿ ಬಂದ ಮೇಲೂ, ಚಾಳೀಸಗಾಂವ್‌ನಲ್ಲಿ ಟಾಂಗಾದವರು ಓಡಿಸಲ್ಲ ಅಂದ್ರು. ಓಡಿಸಿ ಗೊತ್ತಿಲ್ಲದ ನಮ್ಮವನೇ ಒಬ್ಬ ಹಗ್ಗ ಹಿಡಿದ, ಟಾಂಗಾ ಅಪಘಾತ ಆಯ್ತು, ಬಾಬಾಸಾಹೇಬರ ಕಾಲು ಮುರೀತು.

ಈಗ ಕಾರಿಗೆ ಬರ್ತೀನಿ, ವೆಂಡೆಲ್ ಸ್ಕಾಟ್‌ಗೆ ಬರ್ತೀನಿ. ಈ ಪೋಸ್ಟ್ ಬರೆಯೋಕೆ ಕೂತಿದ್ದೇ ಅವರಿಗಾಗಿ.

ವರ್ಜೀನಿಯಾದ ಡ್ಯಾನ್‌ವಿಲ್ ಊರಲ್ಲಿ 1921ರ ಆಗಸ್ಟ್ 29ರಂದು ಹುಟ್ಟಿದ್ರು. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ವಾಹನ ರಿಪೇರಿ ಮಾಡಿದ್ರು. ಊರಿಗೆ ಬಂದು ಟ್ಯಾಕ್ಸಿ ಓಡಿಸಿದ್ರು, ಗ್ಯಾರೇಜು ಇಟ್ರು, ರಾತ್ರಿ ಕಳ್ಳಭಟ್ಟಿಯನ್ನೂ ಸಾಗಿಸಿದ್ರು. 1952ರಲ್ಲಿ ಡ್ಯಾನ್‌ವಿಲ್‌ನ ರೇಸ್ ನಡೆಸೋನಿಗೆ ಜನ ಸಾಲ್ತಿರಲಿಲ್ಲ. ಒಬ್ಬ ಕರಿಯನನ್ನ ಇಳಿಸಿದ್ರೆ ನೋಡೋಕೆ ಜನ ಬರ್ತಾರೆ ಅನ್ನೋ ಲೆಕ್ಕ ಹಾಕಿದ. ಊರಲ್ಲಿ ಜೋರಾಗಿ ಓಡಿಸೋ ಕರಿಯ ಯಾರಿದ್ದಾನೆ ಅಂತ ಪೊಲೀಸರನ್ನೇ ಕೇಳಿದ. ಅವರು ಹೇಳಿದ್ದು ಸ್ಕಾಟ್ ಹೆಸರು. ಅವರನ್ನ ಎಷ್ಟು ಸಲ ಅಟ್ಟಿಸ್ಕೊಂಡು ಹೋಗಿದ್ರೋ ಏನೋ!

ಅವರೇ ಮೊದಲಲ್ಲ. 1955ರಲ್ಲಿ ಎಲಾಯಸ್ ಬೋವಿ ಕ್ಯಾಲಿಫೋರ್ನಿಯಾದಲ್ಲಿ ಒಂದು ರೇಸು ಓಡಿದ್ರು. 1956ರಲ್ಲಿ ಚಾರ್ಲಿ ಸ್ಕಾಟ್ ಡೇಟೋನಾದಲ್ಲಿ ಓಡಿದ್ರು. ಆಗ ಡೇಟೋನಾ ರೇಸು ಅರ್ಧ ಸಮುದ್ರದ ಮರಳಿನ ಮೇಲೆ, ಅರ್ಧ ಎ1ಎ ಹೆದ್ದಾರಿಯ ಮೇಲೆ ನಡೀತಿತ್ತು. ಇಬ್ಬರೂ ಒಂದೊಂದು ರೇಸಿಗೆ ನಿಂತುಹೋದ್ರು. ಬಿಡದೆ ಅಲ್ಲೇ ನಿಂತವರು ವೆಂಡೆಲ್ ಸ್ಕಾಟ್. 1961ರಿಂದ 1973ರವರೆಗೆ 495 ರೇಸು. ಬೇರೆಯವರು ಓಡಿಸಿ ಬಿಟ್ಟ ಹಳೇ ಕಾರು, ಹಳೇ ಟೈರು. ಮೆಕ್ಯಾನಿಕ್ ಅವರೇ, ಮಕ್ಕಳೇ ಸಹಾಯಕರು. ಎಷ್ಟೋ ಊರಲ್ಲಿ ಹೋಟೆಲ್‌ನವರು ರೂಮು ಕೊಡ್ತಿರಲಿಲ್ಲ, ಊಟ ಕೊಡ್ತಿರಲಿಲ್ಲ. ಆ ಕಾಲದಲ್ಲಿ ಕಾರಲ್ಲಿ ಹೊರಟ ಕಪ್ಪು ಜನಕ್ಕೆ ಎಲ್ಲಿ ಉಳೀಬಹುದು, ಎಲ್ಲಿ ಉಣ್ಣಬಹುದು ಅಂತ ತಿಳಿಸೋಕೆ ‘ಗ್ರೀನ್ ಬುಕ್’ ಅನ್ನೋ ಪುಸ್ತಕವೇ 1936ರಿಂದ ಅಚ್ಚಾಗ್ತಿತ್ತು ಅಂದ್ರೆ ಯೋಚಿಸಿ. ಡಾರ್ಲಿಂಗ್ಟನ್ ಟ್ರ್ಯಾಕಿನವರಂತೂ ಎಷ್ಟೋ ವರ್ಷ ಅವರನ್ನ ಒಳಗೇ ಬಿಡಲಿಲ್ಲ.

ನಮ್ಮಪ್ಪ ಲಾರಿ ಕ್ಲೀನರ್ ಆಗಿದ್ರು. ಓಡಿಸೋದು ಕಲಿತ ಮೇಲೂ ಹನ್ನೊಂದು ವರ್ಷ ಕ್ಲೀನರ್ ಆಗೇ ಉಳಿದ್ರು. ಮಾಲೀಕ ಒಳ್ಳೆಯವನೇ, ಆದರೆ ಸ್ಟಿಯರಿಂಗ್ ಮಾತ್ರ ಇನ್ನೊಬ್ಬರಿಗೆ. ಆಯುಧಪೂಜೆ ದಿನ ಲಾರಿ ತೊಳೆಯೋದು ಅಪ್ಪ, ಕುಂಬಳಕಾಯಿ ಒಡೆಯೋದು ಬೇರೆಯವರು. ಹಾಗಾಗಿ ಸ್ಕಾಟ್ ಕತೆ ಓದ್ತಾ ಇದ್ರೆ ನನಗೆ ಅಮೆರಿಕ ಅಷ್ಟೇನೂ ದೂರ ಅನ್ನಿಸಲಿಲ್ಲ.

1963ರ ಡಿಸೆಂಬರ್ 1. ಫ್ಲಾರಿಡಾದ ಜಾಕ್ಸನ್‌ವಿಲ್, ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕು, 200 ಸುತ್ತು. ಆ ವರ್ಷ ಏನೇನಾಗಿತ್ತು ನೆನಪಿಸ್ಕೊಳ್ಳಿ. ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಮಾತಾಡಿದ್ರು. ಸೆಪ್ಟೆಂಬರಲ್ಲಿ ಬರ್ಮಿಂಗ್‌ಹ್ಯಾಮ್ ಚರ್ಚಿಗೆ ಬಾಂಬ್ ಹಾಕಿ ನಾಲ್ಕು ಕಪ್ಪು ಹೆಣ್ಣುಮಕ್ಕಳನ್ನ ಕೊಂದ್ರು. ಕೆನಡಿ ಕೊಲೆಯಾಗಿ ಒಂಬತ್ತೇ ದಿನ. ಅಂಥ ಹೊತ್ತಲ್ಲಿ 34 ನಂಬರಿನ ಹಳೇ ಶೆವ್ರೊಲೆ ತಗೊಂಡು ಸ್ಕಾಟ್ ಓಡ್ತಿದ್ರು. ಕೊನೆಯ ಇಪ್ಪತ್ತೈದು ಸುತ್ತು ಇದ್ದಾಗ ದೊಡ್ಡ ಹೆಸರಿನ ರಿಚರ್ಡ್ ಪೆಟಿಯನ್ನ ಹಿಂದೆ ಹಾಕಿದ್ರು. ಇನ್ನೂರು ಸುತ್ತು ಮುಗೀತು. ಬಾವುಟ ಬೀಸಲಿಲ್ಲ. ಇನ್ನೂರಾ ಒಂದು, ಇಲ್ಲ. ಇನ್ನೂರಾ ಎರಡು ಸುತ್ತು ಹೊಡೆದ್ರು. ಎರಡು ಸುತ್ತು ಹಿಂದೆ ಇದ್ದ ಬಕ್ ಬೇಕರ್ ಬಂದಾಗ ಬಾವುಟ ಬೀಸಿದ್ರು, ಬೇಕರ್ ಗೆದ್ದ ಅಂದ್ರು. ಕಪ್ಪು ಬೇಕರ್ ಕೈಗೆ ಹೋಯ್ತು. ಗೆದ್ದವನಿಗೆ ಬಿಳಿ ಸುಂದರಿ ಮುತ್ತು ಕೊಡೋ ಪದ್ಧತಿ ಇತ್ತು, ಆ ಚಿತ್ರ ಪೇಪರಲ್ಲಿ ಬರಬಾರದಿತ್ತು ಅನ್ನೋದು ಸ್ಕಾಟ್ ಮನೆಯವರು ಹೇಳಿಕೊಂಡು ಬಂದ ಮಾತು. ನನಗೂ ಅದೇ ಸರಿ ಅನ್ನಿಸುತ್ತೆ. ಜನ ಎಲ್ಲ ಮನೆಗೆ ಹೋದ ಮೇಲೆ ಲೆಕ್ಕದ ಚೀಟಿ ತೆಗೆದು, ಹೌದು ತಪ್ಪಾಗಿದೆ, ಗೆದ್ದಿದ್ದು ನೀನೇ ಅಂದ್ರು. ಸಾವಿರ ಡಾಲರ್ ಕೊಟ್ರು. ಕಪ್ಪು ಮಾತ್ರ ಬೇಕರ್ ಜೊತೆ ಹೊರಟುಹೋಗಿತ್ತು. ಕೆಲವು ವಾರ ಆದ ಮೇಲೆ ಒಂದು ಅಗ್ಗದ ಮರದ ತುಂಡು ಕೈಗಿಟ್ರು.

ಹಣ ಕೊಡ್ತಾರೆ, ಮೆರವಣಿಗೆ ಕೊಡಲ್ಲ. ಕೂಲಿ ಕೊಡ್ತಾರೆ, ಕುರ್ಚಿ ಕೊಡಲ್ಲ. ಇದನ್ನ ವಿವರಿಸೋಕೆ ನನ್ನ ಓದುಗರಿಗೆ ಬೇರೆ ಉದಾಹರಣೆ ಬೇಕಾಗಿಲ್ಲ.

1973ರಲ್ಲಿ ಟಲಡೇಗಾದಲ್ಲಿ ನಡೆದ ದೊಡ್ಡ ಅಪಘಾತದಲ್ಲಿ ಮೂಳೆ ಮುರಿದು ಸ್ಕಾಟ್ ಆಟ ಮುಗೀತು. ಈ ಟಲಡೇಗಾ ಟ್ರ್ಯಾಕು ಅಲಬಾಮಾದಲ್ಲಿದೆ. ಅದನ್ನ ಕಟ್ಟೋಕೆ ಬೆನ್ನಿಗೆ ನಿಂತಿದ್ದು ಗವರ್ನರ್ ಜಾರ್ಜ್ ವಾಲೆಸ್, ಕಪ್ಪು ವಿದ್ಯಾರ್ಥಿಗಳನ್ನ ಬಿಳಿಯರ ವಿಶ್ವವಿದ್ಯಾಲಯಕ್ಕೆ ಸೇರಿಸಬಾರದು ಅಂತ ಬಾಗಿಲಲ್ಲಿ ಅಡ್ಡ ನಿಂತ ಅದೇ ವಾಲೆಸ್. 1972ರಲ್ಲಿ ವಾಲೆಸ್ ಅಧ್ಯಕ್ಷ ಚುನಾವಣೆಗೆ ನಿಂತಾಗ ಫ್ಲಾರಿಡಾದಲ್ಲಿ ಅವನ ಪ್ರಚಾರ ನಡೆಸಿದ್ದು ನ್ಯಾಸ್ಕಾರ್ ಸ್ಥಾಪಕ ಬಿಲ್ ಫ್ರಾನ್ಸ್. ಸ್ಕಾಟ್ 1990ರ ಡಿಸೆಂಬರಿನಲ್ಲಿ ತೀರಿಕೊಂಡ್ರು. ಅಸಲಿ ಕಪ್ಪು ಕಡೆವರೆಗೂ ಕೈಗೆ ಬರಲಿಲ್ಲ.

ಮುಂದಿನ ಕಪ್ಪು ಹುಡುಗ ಆ ಮಟ್ಟದಲ್ಲಿ ಗೆಲ್ಲೋಕೆ 58 ವರ್ಷ ಬೇಕಾಯ್ತು. ಬಬ್ಬಾ ವಾಲೆಸ್, 2021ರ ಅಕ್ಟೋಬರ್ 4. ಜಾಗ ಯಾವುದು? ಅದೇ ಟಲಡೇಗಾ! ಹೆಸರೂ ವಾಲೆಸ್, ನೋಡಿ ಕಾಲದ ಕುಚೇಷ್ಟೆ. ಅವನ ತಂಡದ ಮಾಲೀಕರಲ್ಲೊಬ್ಬರು ಶಿಕಾಗೊದ ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್. ಅದಕ್ಕೂ ಒಂದು ವರ್ಷ ಮೊದಲು, ಜಾರ್ಜ್ ಫ್ಲಾಯ್ಡ್ ಕೊಲೆಯಾದಾಗ, ರೇಸಿನ ಗ್ಯಾಲರಿಗಳಲ್ಲಿ ಹಾರ್ತಿದ್ದ ಕಾನ್ಫೆಡರೇಟ್ ಬಾವುಟ ತೆಗೀರಿ ಅಂತ ಬಹಿರಂಗವಾಗಿ ಕೇಳಿದವನು ಈ ಹುಡುಗ. ಗುಲಾಮಗಿರಿ ಉಳಿಸೋಕೆ ಯುದ್ಧ ಮಾಡಿದ ದಕ್ಷಿಣ ರಾಜ್ಯಗಳ ಬಾವುಟ ಅದು. 2020ರ ಜೂನ್ 10ರಂದು ನ್ಯಾಸ್ಕಾರ್ ನಿಷೇಧ ಮಾಡಿತು. ಆ ಸೈನ್ಯವನ್ನ 1865ರಲ್ಲಿ ಶರಣು ಮಾಡಿಸಿಕೊಂಡ ಜನರಲ್ ಯಾರು? ಯುಲಿಸಿಸ್ ಗ್ರಾಂಟ್. ಶಿಕಾಗೊದ ಪಾರ್ಕಿಗೆ ಇರೋದು ಅವರದ್ದೇ ಹೆಸರು. ಬಾವುಟ ತೆಗೆದ ಮೂರು ವರ್ಷಕ್ಕೆ ಗ್ರಾಂಟ್ ಹೆಸರಿನ ಅಂಗಳಕ್ಕೆ ನ್ಯಾಸ್ಕಾರ್ ಬಂತು.

ಹಾಗಂತ ಎಲ್ಲ ಚೆನ್ನಾಗಾಯ್ತು ಅಂತ ನಾನು ಬರೆದುಕೊಡಲ್ಲ. 2023ರ ರೇಸಿಗೇ ಬನ್ನಿ. ಎರಡು ದಿನದ ಟಿಕೆಟ್ 269 ಡಾಲರಿನಿಂದ ಶುರು. ಜನರ ಪಾರ್ಕು, ಜನರ ರಸ್ತೆ, ಒಳಗೆ ಹೋಗೋಕೆ ಕಾಸು. ರೇಸಿಗೆ ಎರಡು ದಿನ ಮುಂಚೆ ಧ್ವನಿವರ್ಧಕದ ಕೆಲಸ ಮಾಡ್ತಿದ್ದ ಗುತ್ತಿಗೆ ಕೆಲಸಗಾರನೊಬ್ಬ ಕರೆಂಟ್ ಹೊಡೆದು ಸತ್ತ. ಭಾನುವಾರ ಸುರಿದ ಮಳೆ ಅಂತಿಂಥದ್ದಲ್ಲ. ನಗರದ ವೆಸ್ಟ್ ಸೈಡ್‌ನಲ್ಲಿ, ಪಕ್ಕದ ಸಿಸೆರೊದಲ್ಲಿ, ಅಂದ್ರೆ ಕಪ್ಪು ಜನ, ಲ್ಯಾಟಿನೊ ಜನ ಹೆಚ್ಚಾಗಿರೋ ಕಡೆ, ಸಾವಿರಾರು ಮನೆಗಳ ನೆಲಮಾಳಿಗೆಗೆ ಚರಂಡಿ ನೀರು ನುಗ್ಗಿತು. ಅದೇ ಮಳೆ ಗ್ರಾಂಟ್ ಪಾರ್ಕಲ್ಲೂ ಸುರೀತು. ಅಲ್ಲಿ ನೀರು ಹೊರಹಾಕಿ, ಮಳೆಯ ಟೈರು ಹಾಕಿ, ರೇಸು ನಡೆಸಿದ್ರು. ಟೀವಿಯಲ್ಲಿ ದೇಶವೆಲ್ಲ ನೋಡಿದ್ದು ಈ ನೀರನ್ನ. ಆ ನೀರನ್ನಲ್ಲ.

ಕತ್ತಲಾಗುತ್ತೆ ಅಂತ ನೂರು ಸುತ್ತನ್ನ 75ಕ್ಕೆ ಇಳಿಸಿದ್ರು, ಕೊನೆಗೆ 78ಕ್ಕೆ ಮುಗೀತು. ಗೆದ್ದವನು ಶೇನ್ ವ್ಯಾನ್ ಗಿಸ್ಬರ್ಗನ್, ನ್ಯೂಜಿಲೆಂಡಿನವನು. ಈ ಸರಣಿಯಲ್ಲಿ ಅವನಿಗೆ ಅದೇ ಮೊದಲ ರೇಸು. ಮೊದಲ ರೇಸಲ್ಲೇ ಗೆದ್ದವರು 1963ರ ನಂತರ ಯಾರೂ ಇರಲಿಲ್ಲ. ಆಸ್ಟ್ರೇಲಿಯಾದ ಬೀದಿಗಳಲ್ಲಿ ಓಡಿಸಿ ಪಳಗಿದ ಕೈ, ಒದ್ದೆ ತಿರುವಲ್ಲಿ ಎಲ್ಲಿ ಬ್ರೇಕ್ ಬಿಡಬೇಕು ಅಂತ ಗೊತ್ತು. ನೋಡೋಕೆ ಚಂದವೇ ಇತ್ತು, ಸುಳ್ಳು ಯಾಕೆ ಹೇಳ್ಲಿ. ಬಾವುಟ ಸರಿಯಾದ ಕಾರಿಗೇ ಬಿತ್ತು. ಕಪ್ಪು ಅವತ್ತೇ, ಜನರೆದುರೇ ಅವನ ಕೈಗೆ ಸಿಕ್ಕಿತು.

ವೆಂಡೆಲ್ ಸ್ಕಾಟ್ ಮನೆಯವರಿಗೆ ನ್ಯಾಸ್ಕಾರ್ ಕೊನೆಗೂ ಒಂದು ಕಪ್ಪು ಮಾಡಿಸಿ ಕೊಟ್ಟಿದ್ದು 2021ರ ಆಗಸ್ಟ್ 28ರಂದು, ಡೇಟೋನಾದಲ್ಲಿ. ಮಾರನೇ ದಿನಕ್ಕೆ ಅವರು ಹುಟ್ಟಿ ನೂರು ವರ್ಷ. ತಗೊಂಡಿದ್ದು ಮಕ್ಕಳು, ಮೊಮ್ಮಕ್ಕಳು. ಜಾಕ್ಸನ್‌ವಿಲ್‌ನಲ್ಲಿ ಬೇಕರ್ ಕೈಗೆ ಕೊಟ್ಟಿದ್ದ ಕಪ್ಪು ಸ್ಕಾಟ್ ಮನೆಗೆ ಬರಲೇ ಇಲ್ಲ.